ಬಿಳಿ ಪ್ಲೇಟಿನ ಚೂರು

ಮಂಗಳವಾರ ಬೆಳಿಗ್ಗೆ ಎಂಟು ನಲವತ್ತು. ಇಂಗ್ಲೆಂಡಿನ ಬಂದರು ಪಟ್ಟಣ ಗ್ರಿಮ್ಸ್‌ಬಿಯ ಶಾಲೆಯೊಂದರ ಮುಂದೆ ಮುದುಕ ವಿಲ್ಫ್ ರಸ್ತೆಯ ಮಧ್ಯೆ ಬಿದ್ದಿದ್ದ. ಮಕ್ಕಳನ್ನು ರಸ್ತೆ ದಾಟಿಸುವುದು ಅವನ ಕೆಲಸ. ವಾಹನಗಳನ್ನು ತಡೆಯುವ ಅವನ ಉದ್ದನೆಯ ಕೋಲು ಎರಡು ತುಂಡಾಗಿತ್ತು. ಸೊಂಟದ ಮೂಳೆಯೂ ಮುರಿದಿತ್ತು. ಗುದ್ದಿದ ಬೂದು ಕಾರು ನಿಂತಿರಲೇ ಇಲ್ಲ.

ತಿರುವಿನ ಕ್ಯಾಮೆರಾದಲ್ಲಿ ಅದರ ನಂಬರ್ ಸ್ಪಷ್ಟವಾಗಿ ಕಂಡಿತ್ತು. ಚರಂಡಿಯ ಬದಿಯಲ್ಲಿ ನಂಬರ್ ಪ್ಲೇಟಿನ ಅಂಗೈಯಗಲದ ಚೂರೊಂದು ಸಿಕ್ಕಿತು. ಮಧ್ಯಾಹ್ನದೊಳಗೆ ಪೊಲೀಸರು ಮನೆಮನೆಗೆ ಹೋಗಿ ವಯಸ್ಸಾದವರ ಆರೈಕೆ ಮಾಡುವ ಲಿನೆಟ್‌ಳ ಬೂದು ಕಾರಿನ ಚಕ್ರಕ್ಕೆ ಬೀಗ ಹಾಕಿ, ಕೀಲಿ ಕಿತ್ತುಕೊಂಡು ಹೋದರು. ನಂಬರ್ ಅವಳದಾಗಿತ್ತು.

* * *

ಮರುದಿನ ಸಾರ್ಜೆಂಟ್ ಹ್ಯಾಡೋ ಆ ಚೂರನ್ನು ಹಿಡಿದು ಕಾರಿನ ಬಿಡಿಭಾಗಗಳ ಅಂಗಡಿಗೆ ಬಂದ. ಪ್ಲೇಟಿನ ಕೆಳಗೆ ಮಾರಿದ ಅಂಗಡಿಯ ಹೆಸರು ಇರಲೇಬೇಕೆಂಬುದು ಕಾನೂನು. ಚೂರಿನ ಮೇಲೆ ಈ ಅಂಗಡಿಯ ಹೆಸರಿತ್ತು.

ಮಾಲೀಕ ಕ್ಲೈವ್ ಆಗಷ್ಟೇ ಬಸ್ಸಿಳಿದು ಬಂದಿದ್ದ. ಎರಡು ದಿನದಿಂದ ಬಸ್ಸಿನಲ್ಲೇ ಬರುತ್ತಿದ್ದ. ಕಾರು ರಿಪೇರಿಗೆ ಹೋಗಿದೆಯಂತೆ.

"ಹೌದು ಸಾರ್, ನಮ್ಮದೇ," ಎಂದು ಫೈಲು ತೆಗೆದ. "ಮಾರ್ಚ್ ನಾಲ್ಕಕ್ಕೆ ಲಿನೆಟ್ ಅನ್ನೋ ಆ ಹೆಂಗಸು ಬಂದಿದ್ಳು. ಗಾಡಿ ಪೇಪರು, ಲೈಸೆನ್ಸು, ಎರಡೂ ನೋಡಿಯೇ ಕೊಟ್ಟಿದ್ದು. ನಿಯಮ ಮೀರಿ ಒಂದು ಸ್ಕ್ರೂನೂ ಮಾರಲ್ಲ ನಾವು."

"ಅಷ್ಟು ಸಾಕು. ಇನ್ನೇನು ಬೇಕು?" ಹ್ಯಾಡೋ ತನ್ನ ಟಿಪ್ಪಣಿ ಪುಸ್ತಕ ಮುಚ್ಚಿದ.

ಕೌಂಟರಿನ ಹಿಂದೆ ನಿಂತಿದ್ದ ಬ್ರಯನಿ ಚೂರನ್ನೇ ನೋಡಿದಳು. ಪ್ಲೇಟು ಮಾಡಿಕೊಡುವವಳು ಅವಳೇ. ಚೂರು ಬಿಳಿ. ಇಂಗ್ಲೆಂಡಿನಲ್ಲಿ ಕಾರಿನ ಮುಂದಿನ ಪ್ಲೇಟು ಬಿಳಿ, ಹಿಂದಿನದು ಹಳದಿ. ಲಿನೆಟ್ ಗೋಡೆಗೆ ತಾಗಿಸಿ ಒಡೆದುಕೊಂಡದ್ದು ಹಿಂದಿನದು. ಕೊಂಡದ್ದು ಅದೊಂದೇ, ಹಳದಿ.

"ಅದು... ಅವ್ರು ತಗೊಂಡಿದ್ದು..."

"ಏನೇ ಮೂಗಿ, ಇವತ್ತು ಬಾಯಿ ಬಂತಾ?" ಕ್ಲೈವ್ ನಕ್ಕ. "ಹೋಗು, ಸಾರ್‌ಗೆ ಟೀ ಮಾಡು."

ಅವಳು ಟೀ ಮಾಡಿದಳು. ಹ್ಯಾಡೋನ ಮುಂದೆ ಟಕ್ಕೆಂದು ಇಟ್ಟಳು, ತಟ್ಟೆಗೆ ಚೆಲ್ಲಿತು.

* * *

ವಿಲ್ಫ್ ಆಸ್ಪತ್ರೆಯಲ್ಲಿ ಬದುಕಿದ್ದರೂ, ಲಿನೆಟ್‌ಳ ಬಾಗಿಲ ಮೇಲೆ ಯಾರೋ ಕೆಂಪು ಬಣ್ಣದಲ್ಲಿ 'ಕೊಲೆಗಡುಕಿ' ಎಂದು ಬರೆದು ಹೋಗಿದ್ದರು. ಅವಳು ಬ್ರಷ್ ಹಿಡಿದು ಉಜ್ಜುತ್ತಿದ್ದಾಗ ಬ್ರಯನಿ ಬಂದಳು.

"ಆ ಹೊತ್ತಿಗೆ ಪೆಗ್ಗಿ ಅಜ್ಜಿಗೆ ಓಟ್ಸ್ ಗಂಜಿ ತಿನ್ನಿಸ್ತಿದ್ದೆ ಕಣೇ. ಆದ್ರೆ ಅಜ್ಜಿಗೆ ತನ್ನ ಹೆಸರೇ ನೆನಪಿಲ್ಲ, ನನಗೆಲ್ಲಿಂದ ಸಾಕ್ಷಿ ಹೇಳ್ತಾಳೆ? ದಿನಕ್ಕೆ ಹನ್ನೆರಡು ಮನೆ ನಂದು. ಒಬ್ಬರಿಗೆ ಸ್ನಾನ, ಒಬ್ಬರಿಗೆ ಮಾತ್ರೆ. ಕಾರಿಲ್ಲ ಅಂದ್ರೆ ಕೆಲಸ ಇಲ್ಲ. ಶುಕ್ರವಾರದೊಳಗೆ ಇತ್ಯರ್ಥ ಆಗ್ದಿದ್ರೆ ಬೇರೆಯವರನ್ನ ತಗೋತೀವಿ ಅಂದಿದಾರೆ ಆಫೀಸಲ್ಲಿ."

"ಮೊದಲೂ ಏನಾದ್ರೂ ಆಗಿತ್ತಾ ಆಂಟಿ?"

"ಎರಡು ವಾರದಲ್ಲಿ ಎರಡು ನೋಟಿಸು ಬಂತು, ಜೋರಾಗಿ ಓಡಿಸಿದೆ ಅಂತ. ಆ ರಸ್ತೆಗೇ ನಾನು ಹೋಗಲ್ಲ!"

ಬ್ರಯನಿ ಕಾರಿನ ಮುಂದೆ ಮಂಡಿಯೂರಿದಳು. ಬಿಳಿ ಪ್ಲೇಟು ಹಾಗೇ ಇತ್ತು. ಕೆಳಗೆ, ಕಾರು ಮಾರಿದವರ ಹೆಸರು. ಪ್ಲೇಟಿಗೂ ಬಂಪರಿಗೂ ನಡುವೆ ಹಸಿರು ಪಾಚಿ ಬೆಳೆದು ಎರಡನ್ನೂ ಹೊಲಿದಂತೆ ಕೂಡಿಸಿತ್ತು; ವರ್ಷಗಳಿಂದ ಅದನ್ನು ಯಾರೂ ಬಿಚ್ಚಿರಲಿಲ್ಲ.

"ಇದನ್ನ ಅವರಿಗೆ ತೋರಿಸ್ಲಿಲ್ವಾ?"

"ತೋರಿಸ್ದೆ. ಹಳೇದನ್ನ ನೀನೇ ಎತ್ತಿಟ್ಟಿದ್ದೆ, ಈಗ ವಾಪಸ್ ಹಾಕಿದೀಯ ಅಂದ ಆ ಸಾರ್ಜೆಂಟು. ಬಗ್ಗಿ ನೋಡಕ್ಕೂ ಅವನಿಗೆ ಸೊಂಟ ಬಗ್ಗಲಿಲ್ಲ."

* * *

ಬಂದರಿನ ಹಿಂದಿನ ಶೆಡ್ಡಿನಲ್ಲಿ ಡೂಗಿ ಪೇಪರು ಕೇಳದೆ ಪ್ಲೇಟು ಮಾಡಿಕೊಡುತ್ತಾನೆಂಬುದು ಊರಿಗೇ ಗೊತ್ತು. ಗುರುವಾರ ಕೆಲಸಕ್ಕೆ ಮೊದಲು ಬ್ರಯನಿ ಅಲ್ಲಿಗೆ ಹೋದಳು.

"ಲಿನೆಟ್ ನಂಬರ್ ನೀನು ಮಾಡ್ಕೊಟ್ಯಾ?"

"ಅಬ್ಬಾ, ಇದಕ್ಕೆ ಮಾತು ಬರುತ್ತೆ!" ಡೂಗಿ ಸ್ಯಾಂಡ್‌ವಿಚ್ ಕೆಳಗಿಟ್ಟ. "ಚೂರಿನ ಮೇಲೆ ಅಂಗಡಿ ಹೆಸರಿತ್ತಂತಲ್ಲ. ನಾನು ಕಳ್ಳ ಇರಬಹುದು ತಾಯಿ, ವಿಳಾಸ ಬರೆದಿಟ್ಟು ಹೋಗೋ ಕಳ್ಳ ಅಲ್ಲ. ಹೆಸರು ಹಾಕೋದು ನಿಮ್ಮ ಮಿಷನ್ನು. ಅದಕ್ಕೆ ಹಾಕದೆ ಇರಕ್ಕೇ ಬರಲ್ಲ."

ಆ ಮಿಷನ್ ಮುಟ್ಟುವವರು ಇಬ್ಬರೇ: ಬ್ರಯನಿ ಮತ್ತು ಕ್ಲೈವ್.

ಅಂಗಡಿಯ ಕಂಪ್ಯೂಟರಿನಲ್ಲಿ ಲಿನೆಟ್‌ಳ ನಂಬರ್ ಒಂದೇ ಸಲ ಇತ್ತು. ಮಾರ್ಚ್ ನಾಲ್ಕು, ಹಳದಿ. ಉಳಿದದ್ದನ್ನು ಅಳಿಸಿದ್ದರೂ ಗೊತ್ತಾಗುವಂತಿರಲಿಲ್ಲ. ಕ್ಲೈವ್ ಬ್ಯಾಂಕಿಗೆ ಹೋದ ಹೊತ್ತು ನೋಡಿ ಅವಳು ಮಿಷನ್ನಿನ ಮುಚ್ಚಳ ತೆಗೆದಳು. ಒಳಗೆ ಕಪ್ಪು ರಿಬ್ಬನ್ನಿನ ಸುರುಳಿ. ಬೆಳಕಿಗೆ ಹಿಡಿದಳು. ಒಂದೊಂದೇ ಗೇಣು ಬಿಚ್ಚಿದಳು.

ಆಮೇಲೆ ಪೊಲೀಸ್ ಠಾಣೆಗೆ ಫೋನ್ ಮಾಡಿದಳು. ಮೊದಲ ಸಲ ಮಾತು ಹೊರಡದೆ ಇಟ್ಟುಬಿಟ್ಟಳು. ಎರಡನೇ ಸಲ ಮಾತಾಡಿದಳು.

* * *

ಶುಕ್ರವಾರ ಬೆಳಿಗ್ಗೆ ಹ್ಯಾಡೋ ಬೇಸರದ ಮುಖ ಹೊತ್ತು ಅಂಗಡಿಗೆ ಬಂದ. ಲಿನೆಟ್ ಬಾಗಿಲ ಬಳಿ ನಿಂತಿದ್ದಳು.

"ಏನಿದೆಲ್ಲಾ?" ಎಂದ ಕ್ಲೈವ್.

ಬ್ರಯನಿ ಸುರುಳಿಯನ್ನು ಕೌಂಟರಿನ ಉದ್ದಕ್ಕೂ ಬಿಚ್ಚಿದಳು. "ಪ್ಲೇಟಿನ ಅಕ್ಷರ ಈ ರಿಬ್ಬನ್ನಿಂದ ಬರೋದು ಸಾರ್. ಅಕ್ಷರ ಬಿಟ್ಟುಹೋದ ಜಾಗ ಇಲ್ಲಿ ಖಾಲಿ ಉಳಿಯುತ್ತೆ. ಎಲ್ಲಾ ಸಾಲಾಗಿ ಇರುತ್ತೆ, ಯಾವುದೂ ಅಳಿಸಲ್ಲ. ಇದು ಮಾರ್ಚ್ ನಾಲ್ಕು, ಲಿನೆಟ್ ಆಂಟಿದು. ಒಂದು. ಇದು ಮಾರ್ಚ್ ಹನ್ನೊಂದು, ಮೀನಿನ ವ್ಯಾನು. ಅದಾದ ಮೇಲೆ ನೋಡಿ, ಮತ್ತೆ ಆಂಟಿ ನಂಬರ್. ಎರಡು ಸಲ. ಮುಂದಕ್ಕೊಂದು, ಹಿಂದಕ್ಕೊಂದು. ಆಮೇಲೆ ಟ್ಯಾಕ್ಸಿ."

"ಅದಕ್ಕೆ?"

"ವ್ಯಾನು ಮಾಡಿದ್ದು ಹನ್ನೆರಡು ಐವತ್ತಕ್ಕೆ, ಟ್ಯಾಕ್ಸಿ ಅದೇ ದಿನ ಎರಡು ಹತ್ತಕ್ಕೆ. ಎರಡೂ ಕಂಪ್ಯೂಟರಲ್ಲಿದೆ. ಒಂದರಿಂದ ಎರಡರವರೆಗೆ ನಾನು ಬಂದರಿನ ಕಟ್ಟೆ ಮೇಲೆ ಚಿಪ್ಸ್ ತಿಂತಿರ್ತೀನಿ. ದಿನಾ. ಚಿಪ್ಸ್ ಅಂಗಡಿಯವರನ್ನ ಕೇಳಿ. ಆಗ ಇಲ್ಲಿರೋದು ಇವರೊಬ್ಬರೇ."

"ಸುಳ್ಳು! ಈ ಮೂಗಿ ಮಾತು ನಂಬ್ತೀರಾ ಸಾರ್?"

"ನಿಮ್ಮ ಕಾರು ಎಲ್ಲಿದೆ?" ಬ್ರಯನಿಯ ದನಿ ಏರಿತು. ಅವಳೇ ಬೆಚ್ಚಿದಳು, ಆದರೆ ನಿಲ್ಲಿಸಲಿಲ್ಲ. "ಅದೂ ಬೂದು, ಅದೇ ಮಾಡೆಲ್. ಮಂಗಳವಾರದಿಂದ ಬಸ್ಸಲ್ಲಿ ಯಾಕೆ ಬರ್ತಿದೀರ? ಜೋರಾಗಿ ಓಡಿಸಿ ಇನ್ನೊಂದು ಸಲ ಸಿಕ್ಕಿಬಿದ್ರೆ ಲೈಸೆನ್ಸ್ ಹೋಗುತ್ತೆ ಅಂತ ನೀವೇ ಹೇಳ್ತಿದ್ರಿ. ನಿಮ್ಮ ಕಾರಿನಂಥದೇ ಆಂಟಿ ಕಾರಿನ ಪೇಪರು ನಾನೇ ಫೈಲಿಗೆ ಹಾಕಿಟ್ಟಿದ್ದೆ. ಆ ನಂಬರ್ ಕದ್ದು ಜೋರಾಗಿ ಓಡಿಸಿದ್ದು ನೀವು, ನೋಟಿಸು ಬಂದಿದ್ದು ಇವರಿಗೆ. ವಿಲ್ಫ್ ತಾತನ್ನ ಬೀಳಿಸಿ ಹೋಗಿದ್ದೂ ನೀವು. ಆಮೇಲೆ ಇಲ್ಲೇ ನಿಂತ್ಕೊಂಡು ನಿಯಮದ ಮಾತಾಡಿದ್ರಿ!"

ಹ್ಯಾಡೋ ರಿಬ್ಬನ್ನನ್ನು ಎತ್ತಿ ಕಿಟಕಿಗೆ ಹಿಡಿದ. ಬಹಳ ಹೊತ್ತು ಓದಿದ. "ಕಾರು ಎಲ್ಲಿದೆ ಕ್ಲೈವ್?"

ಕ್ಲೈವ್ ಸ್ಟೂಲು ಎಳೆದು ಕೂತ. "ತಮ್ಮನ ಗ್ಯಾರೇಜಲ್ಲಿ," ಎಂದ. "ಆ ಮುದುಕ ಹಾಗೆ ಅಡ್ಡ ಬರ್ತಾನೆ ಅಂತ..."

"ಅಡ್ಡ ನಿಲ್ಲೋದೇ ಅವನ ಕೆಲಸ," ಎಂದಳು ಬ್ರಯನಿ.

ಕ್ಲೈವ್‌ನನ್ನು ಜೀಪಿಗೆ ಹತ್ತಿಸಿ ಬಂದ ಹ್ಯಾಡೋ ಕೀಲಿಯನ್ನು ಲಿನೆಟ್‌ಳ ಅಂಗೈಗಿಟ್ಟ. "ತಪ್ಪಾಯ್ತು ಮೇಡಂ. ಈಗಲೇ ಬೀಗ ತೆಗೆಸ್ತೀನಿ. ಆಫೀಸಿಗೂ ಹೇಳ್ತೀನಿ. ಕ್ಷಮಿಸಿ."

ಲಿನೆಟ್ ಕೀಲಿಯನ್ನು ಬಿಗಿಯಾಗಿ ಹಿಡಿದಳು.

"ಇಲ್ಲಿ ಮೆಲ್ಲಗೆ ಹೇಳ್ಬೇಡಿ ಸಾರ್. ನನ್ನ ಬಾಗಿಲ ಮೇಲೆ ದೊಡ್ಡದಾಗಿ ಬರೀರಿ. ಊರೋರು ಓದೋದು ಅಲ್ಲೇ. ಕೆಂಪು ಬಣ್ಣ ಇನ್ನೂ ಹೋಗಿಲ್ಲ, ಅದರ ಮೇಲೇ ಬರೀರಿ."

ಬ್ರಯನಿಯ ಕಡೆ ತಿರುಗಿದಳು. "ಬಾರೇ, ಮನೆಗೆ ಹೋಗಿ ಕಾರು ತೆಗೆಯೋಣ. ಪೆಗ್ಗಿ ಅಜ್ಜಿಗೆ ಗಂಜಿ ಹೊತ್ತಾಯ್ತು."