ಮರಗಟ್ಟಿದ ಅರ್ಧ

ಡಾಕ್ಟರ್ ರಂಗಸ್ವಾಮಿ ಕೈ ತೊಳೆದುಕೊಂಡು ಆಪರೇಷನ್ ಕೋಣೆಗೆ ಮರಳಿದಾಗ ರೋಗಿಯ ಉಸಿರು ನಿಂತಿತ್ತು. ಕತ್ತಿ ಇನ್ನೂ ಮೈಗೆ ತಾಗಿರಲಿಲ್ಲ.

೧೯೪೧ನೇ ಇಸವಿ. ಹಾಸನದಲ್ಲಿ ಡಾಕ್ಟರು ನಡೆಸುತ್ತಿದ್ದ ಪುಟ್ಟ ಆಸ್ಪತ್ರೆ. ಸತ್ತವರು ಬಾಗೂರಿನ ಕೊಬ್ಬರಿ ವ್ಯಾಪಾರಿ ಪಂಚಾಕ್ಷರಯ್ಯ. ಗಾಡಿಯಿಂದ ಬಿದ್ದರೆಂದು ಕರೆತಂದಿದ್ದರು; ಕರುಳು ಹರಿದಿತ್ತು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು.

ಇನ್ಸ್‌ಪೆಕ್ಟರ್ ಹೊನ್ನಯ್ಯ ಬರುವ ಹೊತ್ತಿಗೆ ಸತ್ತವರ ಭಾವಮೈದ ಷಡಕ್ಷರಿ ಅಂಗಳದಲ್ಲಿ ಕೂಗಾಡುತ್ತಿದ್ದ.

"ಬೆನ್ನಿಗೆ ಅದೇನೋ ಚುಚ್ಚಿ ನಮ್ ಭಾವನ್ನ ಕೊಂದ್ಬುಟ್ರು ಸಾ, ಈ ಡಾಕ್ಟ್ರು! ವಿಭೂತಿ ಹಚ್ಚಾನ ಅಂತ ಒಳಕ್ಕೋದೆ. ಕಣ್ಣೆದುರಿಗೇ ಕೈಕಾಲು ಬಡ್ಕೊಂಡು ಪ್ರಾಣ ಬಿಟ್ರು. ಮೊದ್ಲು ಹೆಣ ಕೊಡ್ಸಿ. ಮೈ ಬಿಗಿಯೋಕ್ ಮುಂಚೆ ಕೂರಿಸ್ಬೇಕು. ನಮ್ಮಲ್ಲಿ ಕೂರಿಸೇ ಸಮಾಧಿ ಮಾಡೋದು."

"ಒಳಗೆ ನೀನೊಬ್ಬನೇ ಇದ್ದೆಯಾ?"

"ಒಬ್ನೇ ಸಾ."

* * *

ಡಾಕ್ಟರ ಮುಖ ಬಿಳಿಚಿಕೊಂಡಿತ್ತು.

"ಇಷ್ಟು ನಂಜಿನಲ್ಲಿ ಕ್ಲೋರೋಫಾರಂ ಕೊಟ್ಟರೆ ಎದೆ ತಡೆಯುತ್ತಿರಲಿಲ್ಲ. ಅದಕ್ಕೇ ಬೆನ್ನಿಗೆ ಮದ್ದು ಕೊಟ್ಟು ಹೊಟ್ಟೆಯಿಂದ ಪಾದದವರೆಗಿನ ನರಗಳನ್ನು ಮರಗಟ್ಟಿಸಿದೆ. ಎಚ್ಚರವಿತ್ತು. ನೋವಿರಲಿಲ್ಲ."

"ಆ ಮದ್ದೇ ಕೊಲ್ಲಬಹುದೆ?"

"ಮೇಲಕ್ಕೇರಿದರೆ ಕೊಲ್ಲುತ್ತದೆ. ತೋಳು ಸೋಲುತ್ತದೆ, ಉಸಿರು ನಿಲ್ಲುತ್ತದೆ." ಡಾಕ್ಟರು ತಮ್ಮ ಕೈಗಳನ್ನೇ ನೋಡಿಕೊಂಡರು. "ನನ್ನಿಂದಲೇ ಆಯಿತೋ ಏನೋ."

ಊರು ಬಿಟ್ಟು ಹೋಗಕೂಡದೆಂದು ಹೇಳಿ ಹೊನ್ನಯ್ಯ ನರ್ಸ್ ಸುಬ್ಬಮ್ಮನತ್ತ ತಿರುಗಿದ.

"ಬಂದಾಗಿನಿಂದ ನರಳಾಟ ಬಿಟ್ರೆ ಮಾತೇ ಇರ್ಲಿಲ್ಲ ಸಾ," ಎಂದಳು ಆಕೆ. "ಮದ್ದು ಹತ್ತಿದ ಮೇಲೆ ನಕ್ಕರು. 'ಅರ್ಧ ನಾನು ಆಗ್ಲೇ ಹೊರಟೋಗಿದೀನಿ ಕಣಮ್ಮ. ಉಳಿದರ್ಧ ಹೋಗೋಕ್ ಮುಂಚೆ ಪೊಲೀಸ್ನೋರನ್ನ ಕರೆಸು' ಅಂದ್ರು. ಆಪರೇಷನ್ ಆಗ್ಲಿ ಸ್ವಾಮಿ ಅಂತ ಹೇಳಿ, ಕುದಿಯೋಕಿಟ್ಟ ಕತ್ತರಿ ತರೋಕೆ ಹೋದೆ. ಅವರ ಭಾವಮೈದ ಬಾಗಿಲಲ್ಲೇ ನಿಂತಿದ್ದ."

* * *

ಹೊನ್ನಯ್ಯ ಹೆಣದ ಬಳಿ ಒಬ್ಬನೇ ನಿಂತ. ತೆರೆದ ಕಣ್ಣುಗಳು ಅವನನ್ನೇ ನೋಡುತ್ತಿದ್ದವು.

ಬೆನ್ನಡಿ ಹಾಸಿದ್ದ ದುಪ್ಪಟಿ ಮುದ್ದೆಯಾಗಿ, ಹಿಡಿದೆಳೆದಲ್ಲಿ ಹರಿದಿತ್ತು. ದಿಂಬಿನ ಮೇಲೆ ಜೊಲ್ಲು, ಕಚ್ಚಿದ ಗುರುತು. ಸೊಂಟದಿಂದ ಕೆಳಗೆ ಮಾತ್ರ ಇಸ್ತ್ರಿಯ ಮಡಿಕೆಯೂ ಕೆಟ್ಟಿರಲಿಲ್ಲ. ಒಂದೇ ಮೇಜಿನ ಮೇಲೆ ಇಬ್ಬರು ಮಲಗಿದ್ದಂತಿತ್ತು: ಒಬ್ಬ ಹೋರಾಡಿ ಸತ್ತವನು, ಇನ್ನೊಬ್ಬ ನಿದ್ದೆಹೋದವನು.



* * *

ಷಡಕ್ಷರಿಯನ್ನು ಕರೆಸಿದ. ಡಾಕ್ಟರೂ ಸತ್ತವರ ಹೆಂಡತಿ ದಾಕ್ಷಾಯಣಮ್ಮನೂ ಅಲ್ಲೇ ಇದ್ದರು.

"ಕಾಲು ಹೆಂಗೆ ಬಡಕೊಂಡ್ರು?"

"ದಬದಬ ಅಂತ ಸಾ. ಸಾಯೋರು ಇನ್ನೆಂಗೆ ಬಡ್ಕೋತಾರೆ?"

"ಆ ಕಾಲು ಕುಯ್ದರೂ ಅವರಿಗೆ ಗೊತ್ತಾಗ್ತಿರಲಿಲ್ಲ ಕಣಯ್ಯ. ಅಲುಗಾಡೋ ಮಾತೆಲ್ಲಿ?"

"ಎಚ್ಚರವಾಗಿದ್ರಲ್ಲ ಸಾ! ಮಾತಾಡ್ತಿದ್ರಲ್ಲ!"

"ಮಾತಾಡೋನ ಕಾಲೂ ಆಡುತ್ತೆ ಅಂತ ನೀನಂದ್ಕೊಂಡೆ. ಅಲ್ಲೇ ಎಡವಿದೆ. ಕಾಲ ಕಡೆ ನೀನು ನೋಡಲೇ ಇಲ್ಲ, ಮುಖಕ್ಕೆ ದಿಂಬು ಒತ್ತುತ್ತಿದ್ದೆ. ಮದ್ದು ಮೇಲೇರಿ ಸತ್ತಿದ್ದರೆ ತೋಳೂ ಸೋತಿರಬೇಕಿತ್ತು. ತೋಳುಗಳು ಹೋರಾಡಿವೆ. ಎಲ್ಲಿ, ಅಂಗಿ ತೋಳು ಮೇಲಕ್ಕೆತ್ತು."

ಷಡಕ್ಷರಿ ಹಿಂದೆ ಸರಿದ. ಪೇದೆ ಅವನ ಕೈ ಹಿಡಿದು ಅಂಗಿಯ ತೋಳು ಸರಿಸಿದ. ಮುಂಗೈಯಲ್ಲಿ ಉಗುರಿನ ಹಸಿ ಗೀರುಗಳು.

"ಯಾಕೋ?" ಎಂದಳು ದಾಕ್ಷಾಯಣಮ್ಮ.

"ನಿನ್ ಮಗಳು ಪ್ರೇಮಕುಮಾರೀನ ನಂಗೆ ಕೊಡಲ್ಲ ಅಂದ್ಬುಟ್ರಕ್ಕ. ಸೋದರಮಾವ ನಾನಿರೋವಾಗ ಹೊರಗಿನ ಗಂಡು ಯಾಕೆ? ಸಿಟ್ಟಲ್ಲಿ ಹೊಟ್ಟೆಗೆ ಒದ್ದೆ. ಗಾಡಿಯಿಂದ ಬಿದ್ರು ಅಂತ ಎಲ್ರಿಗೂ ಹೇಳ್ದೆ. ಇವತ್ತು ಪೊಲೀಸ್ನೋರ ಹೆಸರೆತ್ತಿದ್ರು. ಎದರ್ಕೊಂಡ್ಬುಟ್ಟೆ."

ಅವನನ್ನು ಕರೆದೊಯ್ದರು. ದಾಕ್ಷಾಯಣಮ್ಮ ಅತ್ತ ನೋಡಲಿಲ್ಲ. ಗಂಡನ ಪಾದ ಮುಟ್ಟಿ, ಡಾಕ್ಟರ ಕಡೆ ತಿರುಗಿದಳು.

"ಕಾಲಾಡ್ತಿದ್ದಿದ್ರೆ ಮೇಜು ಒದೀತಿದ್ರು, ಅಲ್ವ ಡಾಕ್ಟ್ರೇ? ನೀವು ಪಕ್ಕದ ಕೋಣೇಲೇ ಕೈ ತೊಳೀತಿದ್ರಿ."

ಎರಡು ಕೋಣೆಗಳ ನಡುವೆ ಇದ್ದದ್ದು ತೆಳುವಾದ ಹಲಗೆಯ ಗೋಡೆ.

"ಹೌದು ತಾಯಿ," ಎಂದರು ಡಾಕ್ಟರು. "ಒದ್ದಿದ್ದರೆ ನನಗೆ ಕೇಳಿಸುತ್ತಿತ್ತು."

ಡಾಕ್ಟರದೇನೂ ತಪ್ಪಿಲ್ಲವೆಂದು ಹೊನ್ನಯ್ಯ ಆಗಲೇ ಬರೆದುಕೊಂಡಿದ್ದ. ತಲೆಯೆತ್ತಿ ಅವರ ಮುಖ ನೋಡಲು ಮಾತ್ರ ಅವನಿಂದಾಗಲಿಲ್ಲ.