ಬಾಯಿಗೆ ಹಿಡಿಯದ ರಟ್ಟು

ಪುಟ್ಟಿಯ ಮಾಮ ಬಾಗಿಲಲ್ಲಿ ಕಂಡರೆ ಸಾಕು, ಸ್ಪೀಚ್ ಟೀಚರ್ ಕೈ ತಾನಾಗಿ ಜಡೆಗೆ ಹೋಗುತ್ತಿತ್ತು. ಅವನು ಮರಗೆಲಸದವನು, ಹುಬ್ಬಿನ ಮೇಲೆ ಮರದ ಪುಡಿ ಹೊತ್ತೇ ಬರುತ್ತಿದ್ದ.

“ಹುಬ್ಬಿಗೂ ಪಾಲಿಶ್ ಹಾಕ್ಕೊಂಡು ಬಂದ್ರಾ?”

“ನೀವು ನೋಡ್ಲಿ ಅಂತ ಒರೆಸ್ಲಿಲ್ಲ.”

ಅವಳು ನಗುತ್ತಿದ್ದಳು. ಆ ನಗುವೇ ಮುಳುವಾಯಿತು.

ನಾಲ್ಕು ವರ್ಷದ ಪುಟ್ಟಿಗೆ ಕಿವಿ ಮಂದ, ಎರಡೂ ಕಿವಿಗೆ ಕೇಳಿಸುವ ಮಿಷನ್ ಹಾಕಿದ್ದರು. ಪಾಠಕ್ಕೆ ಮೊದಲು ಟೀಚರ್ ಬಾಯಿಗೆ ರಟ್ಟು ಅಡ್ಡ ಹಿಡಿದು ‘ಆ, ಈ, ಊ, ಮ್, ಶ್, ಸ್’ ಎಂಬ ಆರು ಸದ್ದು ಒಂದೊಂದಾಗಿ ಹೇಳಬೇಕು, ಮಗು ತಿರುಗಿ ಹೇಳಬೇಕು. ರಟ್ಟಿಲ್ಲದಿದ್ದರೆ ಮಕ್ಕಳು ತುಟಿ ನೋಡಿಯೇ ಹೇಳಿಬಿಡುತ್ತಾರೆ. ಕಿವಿ ಮಿಷನ್ ಕೆಟ್ಟಿದ್ದರೂ ಗೊತ್ತಾಗುವುದಿಲ್ಲ. ಇದೆಲ್ಲ ಅವಳಿಗೆ ಕರತಲಾಮಲಕ. ಆದರೂ ಮೂರು ವಾರದಿಂದ ರಟ್ಟು ಮೇಜಿನ ಮೇಲೇ ಬಿದ್ದಿತ್ತು. ಎದುರಿಗೆ ಅವನು ಕೂತಿರುವಾಗ ಮುಖ ಮುಚ್ಚಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ, ಅಷ್ಟೇ.

ಇವತ್ತು ಆಟದ ಬಸ್ಸು ಹುಡುಕಲು ಮೇಜಿನ ಕೆಳಗೆ ಬಗ್ಗಿ, “ಪುಟ್ಟೀ, ಸಿಕ್ತು ನೋಡು!” ಎಂದಳು. ಪುಟ್ಟಿ ಅಲುಗಲಿಲ್ಲ. ಮತ್ತೆ ಕೂಗಿದಳು. ಊಹೂಂ. ಮಿಷನ್‌ಗಳನ್ನು ತೆಗೆದು, ಡಾಕ್ಟರ ಸ್ಟೆತಸ್ಕೋಪಿನಂಥ ಪರೀಕ್ಷೆಯ ಕೊಳವೆಗೆ ಸಿಕ್ಕಿಸಿ ತಾನೇ ಕೇಳಿದಳು. ಒಂದರಲ್ಲಿ ಬರೀ ಗೊರಗೊರ. ಇನ್ನೊಂದರಲ್ಲಿ ಅದೂ ಇಲ್ಲ.

“ತಪ್ಪು ನಂದು,” ಎಂದಳು. “ನಿಮಗೆ ನನ್ನ ಮುಖ ಕಾಣ್ಲಿ ಅಂತ ರಟ್ಟು ಹಿಡೀಲಿಲ್ಲ. ಎಷ್ಟು ದಿನದಿಂದ ಮಗೂಗೆ ಏನೂ ಕೇಳಿಸ್ತಿಲ್ವೋ ಏನೋ. ನಾಳೆಯಿಂದ ಬೇರೆ ಟೀಚರ್ ನೋಡ್ಕೋತಾರೆ.”

ನಾಚಿಕೆಯಿಂದ ಅವಳ ತಲೆ ಮೇಲೇಳಲಿಲ್ಲ.

ಅವನು ಚೀಲದಿಂದ ಪುಟ್ಟಿಯ ನೋಟ್‌ಬುಕ್ ತೆಗೆದ. ದಿನಾ ಬೆಳಿಗ್ಗೆ ಮನೆಯಲ್ಲಿ ಮಿಷನ್‌ಗೆ ಕೊಳವೆ ಹಾಕಿ ಕೇಳಿ, ಅದರಲ್ಲಿ ಟಿಕ್ ಮಾಡುವುದು ಅವನ ಪಾಲಿನ ಕೆಲಸ.

“ಇವೆಲ್ಲಾ ಸುಳ್ಳು ಟಿಕ್ಕು. ಬೇಗ ಹೊರಟ್ರೆ ನಿಮ್ಮ ಜೊತೆ ಐದು ನಿಮಿಷ ಜಾಸ್ತಿ ಮಾತಾಡ್ಬಹುದು ಅಂತ... ಅಕ್ಕ ನನ್ನನ್ನ ನಂಬಿ ಡ್ಯೂಟಿಗೆ ಹೋಗ್ತಾಳೆ.”

ತಾವು ಪಟ್ಟ ಖುಷಿಯೆಲ್ಲ ಮಗುವಿನಿಂದ ಕದ್ದದ್ದು ಅನ್ನಿಸಿತು ಅವಳಿಗೆ.

ಸೆಂಟರಿನ ಸ್ಪೇರ್ ಮಿಷನ್‌ಗಳನ್ನು ಪುಟ್ಟಿಗೆ ಹೊಂದಿಸಿ ಹಾಕಿ, ರಟ್ಟು ಹಿಡಿದಳು.

“ಆ...”

ಪುಟ್ಟಿ ಕಣ್ಣರಳಿಸಿದಳು. “ಆ!”

ರಟ್ಟಿನ ಹಿಂದೆ ಟೀಚರ್ ಅಳುತ್ತಿದ್ದಳು.

“ಅಕ್ಕಂಗೆ ಇವತ್ತೇ ಹೇಳ್ತೀನಿ,” ಎಂದ ಅವನು.

“ನಾನೂ ಬರ್ತೀನಿ.”

“ಜನ್ಮ ಜಾಲಾಡ್ತಾಳೆ.”

“ಜಾಲಾಡ್ಲಿ. ಅದಾದ್ಮೇಲೂ ನನ್ನ ಮುಖ ನೋಡ್ಬೇಕು ಅನ್ಸಿದ್ರೆ...”

“ಅನ್ಸುತ್ತೆ,” ಎಂದ ಅವನು, ತಡಮಾಡದೆ.

ಕಣ್ಣೊರೆಸಿಕೊಳ್ಳಲು ಅವಳು ರಟ್ಟು ಇಳಿಸಹೊರಟಳು. ಅವನು ಅವಳ ಮೊಣಕೈ ಹಿಡಿದು ತಡೆದ.

“ಇಳಿಸ್ಬೇಡಿ. ಇನ್ನೂ ಐದು ಸದ್ದು ಬಾಕಿ ಇದೆ.”