ಯಾರು ಸನ್ನೆ ಮಾಡಿದರೂ ನಿಲ್ಲಬೇಕು

“ಅಕ್ಷರ ಬರದವನ ಮಾತಿಗೆ ಕ್ರೇನ್ ಆಡಿಸಿದ್ರೆ ಇನ್ನೇನಾಗುತ್ತೆ ಸಾರ್? ತನ್ನ ಹೆಸರು ಬರೆಯೋಕೂ ಬರಲ್ಲ ಇವನಿಗೆ. ಕೇಳಿ ನೋಡಿ ಬೇಕಾದ್ರೆ.”

ಬಂದರಿನ ಧಕ್ಕೆಯ ಮೇಲಿದ್ದ ಇಪ್ಪತ್ತಮೂರು ಜನರೂ ಒಟ್ಟಿಗೆ ಅವನತ್ತ ತಿರುಗಿದರು.

ಏಳು ವರ್ಷ ಅವನು ಮುಚ್ಚಿಟ್ಟಿದ್ದ ಗುಟ್ಟು ಅದು. ಈಗ ಬಾಯಿಬಿಟ್ಟ ಅವಳೊಬ್ಬಳಿಗೆ ಮಾತ್ರ ಹೇಳಿದ್ದ.

ಅವಳು ಟ್ಯಾಲಿ ಕ್ಲರ್ಕ್. ಹಡಗಿನಿಂದ ಇಳಿದ ಒಂದೊಂದು ಪೆಟ್ಟಿಗೆಯ ಗುರುತು ಬರೆದುಕೊಳ್ಳುವವಳು. ಅವನು ಸಿಗ್ನಲ್‌ನವನು. ಕ್ರೇನ್ ನಡೆಸುವವನಿಗೆ ಕೆಳಗಿನಿಂದ ಕೈಸನ್ನೆ ಮಾಡಿ ಎತ್ತಿಸುವವನು, ಇಳಿಸುವವನು. ಆ ದಿನ ಅರ್ಧ ಇಳಿದಿದ್ದ ಗಾಜಿನ ಪೆಟ್ಟಿಗೆಗಳ ಹೊರೆ ಅವನ ಸನ್ನೆಗೆ ಗಕ್ಕನೆ ನಿಂತು, ತೂಗಾಡಿ, ಹಡಗಿನ ಪಕ್ಕೆಗೆ ಬಡಿದು ಪುಡಿಯಾಗಿತ್ತು.

ಸಾಹೇಬರು ಮೊದಲು ಅವಳ ಮೇಲೆಯೇ ಎಗರಿದ್ದರು. “ಟ್ಯಾಲಿ ನಿಂದು. ಕಣ್ಣೆಲ್ಲಿತ್ತು?”

ಕೆಲಸ ಹೋದರೆ ಮತ್ತೆ ಅಣ್ಣನ ಮನೆ, ಅತ್ತಿಗೆಯ ಕೊಂಕು, ಅಡುಗೆಮನೆಯ ಮೂಲೆ... ಆ ಹೆದರಿಕೆಯಲ್ಲಿ ಅವಳ ಬಾಯಿಗೆ ಸಿಕ್ಕಿದ್ದು ಅವನ ಗುಟ್ಟು.

“ನಿಲ್ಲಿಸು ಅಂತ ಯಾಕೆ ಸನ್ನೆ ಮಾಡಿದೆ?” ಸಾಹೇಬರು ಅವನನ್ನು ಕೇಳಿದರು.

ಅವನು ಅವಳನ್ನೇ ನೋಡಿದ.

“ಕೈ ತಪ್ಪಿತು ಸಾರ್.”

ಅಷ್ಟೇ. ಅವಳು ರಿಪೋರ್ಟಿನಲ್ಲಿ ಅದನ್ನೇ ಬರೆದಳು: ಸಿಗ್ನಲ್‌ನವನ ತಪ್ಪು. ಅವನ ಹಳದಿ ಜಾಕೆಟ್ ಕಿತ್ತುಕೊಂಡು, ಕಲ್ಲಿದ್ದಲು ಬಾಚಲು ಹಡಗಿನ ಹೊಟ್ಟೆಗಿಳಿಸಿದರು.

*

ಅದಕ್ಕೂ ಮುಂಚೆ ಮೂರು ತಿಂಗಳು ಮಧ್ಯಾಹ್ನದ ಬಿಡುವಿನಲ್ಲಿ ಅವರಿಬ್ಬರೂ ಗೋದಾಮಿನ ಹಿಂದೆ ಕೂತಿದ್ದುಂಟು. ಸಿಗ್ನಲ್‌ನವರಿಗೆಲ್ಲ ಪರೀಕ್ಷೆ ಅಂತ ಹೊಸದಾಗಿ ನೋಟೀಸು ಬಂದಿತ್ತು. ಬಂದರಿನ ಪದಗಳನ್ನು ಓದಬೇಕು, ಅರ್ಥ ಬರೆಯಬೇಕು. ಟ್ಯಾಲಿ ಹಾಳೆಯ ಹಿಂಬದಿಯಲ್ಲಿ ಅವಳು ಬರೆದುಕೊಡುತ್ತಿದ್ದಳು. ಹೋಲ್ಡ್ ಅಂದರೆ ಹಡಗಿನ ಹೊಟ್ಟೆ. ಹ್ಯಾಚ್ ಅಂದರೆ ಅದರ ಬಾಯಿ. ಸ್ಲಿಂಗ್ ಅಂದರೆ ಹೊರೆಗೆ ಸುತ್ತುವ ಹಗ್ಗ.

“ಡನೇಜ್ ಅಂದ್ರೆ?” ಅವಳು ಕೇಳಿದ್ದಳು.

“ಸರಕಿಗೆ ಏಟು ಬೀಳದ ಹಾಗೆ ಮಧ್ಯ ತುರುಕೋ ಮರದ ತುಂಡು. ಏಟೆಲ್ಲ ಅದಕ್ಕೇ ಬೀಳೋದು. ಹಡಗು ಖಾಲಿಯಾದ ಮೇಲೆ ಎಸೀತಾರೆ.” ನಕ್ಕಿದ್ದ. “ನನ್ನನ್ನೂ ಪಾಸಾದ ಮೇಲೆ ಎಸೀಬೇಡಿ ಮೇಷ್ಟ್ರಮ್ಮ.”

“ಪಾಸಾಗು ಮೊದಲು. ‘ಹ’ಕ್ಕೆ ಇನ್ನೂ ಸೊಂಟ ಮುರೀತಿದೀಯ.”

ಬದಲಿಗೆ ಅವನು ಅವಳಿಗೆ ಸನ್ನೆಗಳನ್ನು ಕಲಿಸಿದ್ದ. “ಎರಡೂ ತೋಳು ಅಗಲಕ್ಕೆ ಚಾಚಿ. ಹಾಂ. ಇದು ನಿಲ್ಲಿಸು ಅಂತ. ಬೇರೆ ಸನ್ನೆಯೆಲ್ಲ ನಾನೊಬ್ಬನೇ ಮಾಡಬೇಕು. ಇದನ್ನ ಮಾತ್ರ ಯಾರು ಮಾಡಿದ್ರೂ ನಿಲ್ಲಲೇಬೇಕು, ಕಸ ಗುಡಿಸೋನು ಮಾಡಿದ್ರೂ. ಯಾಕೆ ಅಂತ ಆಮೇಲೆ ಕೇಳಬಹುದು.”

ಅವಳು ಆಮೇಲೂ ಕೇಳಿರಲಿಲ್ಲ.

*

ಗಾಜು ಒಡೆದ ಐದನೆಯ ದಿನ ಕ್ರೇನ್ ಮಾವ ಕ್ಯಾಂಟೀನಿನ ಬೆಂಚಿನಲ್ಲಿ ಅವಳ ಎದುರಿಗೆ ಕೂತ. ಮೂವತ್ತು ವರ್ಷ ಕ್ರೇನ್ ಗೂಡಿನಲ್ಲಿ ಕೂತು ಕತ್ತು ಬಗ್ಗಿಹೋದ ಮುದುಕ.

“ಚೆನ್ನಾಗಿ ಬರೆದೆಯಮ್ಮಾ ರಿಪೋರ್ಟು. ಓದಿದವರು ನೋಡು.”

“ಇದ್ದದ್ದನ್ನೇ ಬರೆದೆ ಮಾವ.”

“ಇದ್ದದ್ದು ನಿನಗೇನು ಗೊತ್ತು? ಬೆನ್ನು ತಿರುಗಿಸಿ, ಹಲಗೆಗೆ ಮುಖ ಹೂತು, ಪೆಟ್ಟಿಗೆ ಗುರುತು ಬರ್ಕೋತಾ ನಡೆದು ಬಂದೆ. ಮೇಲಿಂದ ನನಗೆ ಕಂಡದ್ದು ಎರಡೇ. ಅವನ ಕೈ, ನಿನ್ನ ಹೆಲ್ಮೆಟ್ಟು. ಹೊರೆಗೆ ಸರಿಯಾಗಿ ಕೆಳಗೆ.”

ಅವಳು ಲೋಟ ಕೆಳಗಿಟ್ಟಳು.

“ಮತ್ತೆ... ಯಾಕೆ ಯಾರೂ ಹೇಳಲಿಲ್ಲ?”

“ಮಿಕ್ಕವರು ತಿರುಗಿ ನೋಡಿದ್ದೇ ಸದ್ದಾದ ಮೇಲೆ. ಹೊರೆ ಕೆಳಗೆ ನಿಂತವರ ಗೇಟ್ ಪಾಸು ಅವತ್ತೇ ರದ್ದು, ಕೆಲಸಾನೂ ಹೋಗುತ್ತೆ. ಎರಡನೇ ಮಾತಿಲ್ಲ. ‘ಮಾವ, ಅವಳು ಅಣ್ಣನ ಮನೆ ಮೂಲೆಗೆ ಬೀಳ್ತಾಳೆ, ಸುಮ್ನಿರು’ ಅಂತ ನನ್ನ ಬಾಯಿ ಹೊಲಿದ.” ಮುದುಕ ಎದ್ದ. “ಅವನ ಜಾಗದಲ್ಲಿ ನಾನಾಗಿದ್ರೆ, ನಿನ್ನ ಮೇಲೇ ಇಳಿಸಿಬಿಡು ಅಂತಿದ್ದೆ.”

*

ಆ ಸಂಜೆ ಪಾಳಿ ಮುಗಿದು ಜನ ಹಡಗಿನ ಹೊಟ್ಟೆಯಿಂದ ಮೇಲೆ ಬರುತ್ತಿದ್ದರು. ಎಲ್ಲರ ಮುಖವೂ ಒಂದೇ ಕಪ್ಪು. ಅವನನ್ನು ನಡಿಗೆಯಿಂದ ಗುರುತಿಸಿದಳು.

“ಏ ಸಿಗ್ನಲ್, ನಿನ್ ಟೀಚರ್ ಬಂದ್ರಲ್ಲೋ. ಸ್ಲೇಟು ತಂದಿದೀಯಾ?”

“ಹೆಬ್ಬೆಟ್ಟಿಗೆ ಮಸಿ ಹಚ್ಕೊಂಡೇ ಬಂದಿದಾನೆ ಬಿಡಮ್ಮ, ಎಲ್ಲಿ ಬೇಕಾದ್ರೂ ಒತ್ತಿಸ್ಕೊ.”

ನಗು ಎದ್ದಿತು. ಐದು ದಿನಗಳಿಂದ ದಿನವೂ ಅವನು ತಿಂದ ನಗು ಅದು. ಬಡಿಸಿದವಳು ತಾನು.

ಎಲ್ಲರೆದುರಿಗೇ ಅಂದೆ. ಎಲ್ಲರೆದುರಿಗೇ ವಾಪಸ್ ತಗೋಬೇಕು...

“ಹೊರೆ ಕೆಳಗೆ ನಿಂತಿದ್ದವಳು ನಾನು,” ಅಂದಳು, ಎಲ್ಲರಿಗೂ ಕೇಳುವ ಹಾಗೆ. “ಇವನ ಕೈ ತಪ್ಪಲಿಲ್ಲ. ನನ್ನನ್ನ ಉಳಿಸಿದ. ಆಫೀಸಿನಲ್ಲಿ ಬರೆದುಕೊಟ್ಟು ಬಂದೆ. ನನ್ನ ಪಾಸೂ ಕೊಟ್ಟುಬಂದೆ.”

ನಗು ನಿಂತಿತು.

“ನಿನ್ನ ಜಾಕೆಟ್ ನಾಳೆ ವಾಪಸ್ ಕೊಡ್ತಾರಂತೆ. ನಾನು ಅದಕ್ಕೆ ಬಂದಿಲ್ಲ. ನಿನ್ನ ಬಿಟ್ಟು ನನಗಾಗಲ್ಲ ಕಣೋ. ನಾನು ಅಂದದ್ದು ಮನುಷ್ಯರು ಅನ್ನೋ ಮಾತಲ್ಲ. ನೀನೂ ಬೈಯಿ, ಹೊಡಿ. ಏನಾದ್ರೂ ಒಂದು ಮಾತಾಡು.”

ಅವನು ಹೆಲ್ಮೆಟ್ ತೆಗೆದ. ಒಳಗಿನ ಪಟ್ಟಿಗೆ ಸಿಕ್ಕಿಸಿದ್ದ ಹಾಳೆಯೊಂದು ಕಂಡಿತು. ಅವಳು ಬರೆದುಕೊಟ್ಟ ಹಾಳೆ. ಇನ್ನೂ ಇಟ್ಟುಕೊಂಡಿದ್ದಾನೆ...

ಅದನ್ನು ಎಳೆದು, ಬಿಡಿಸಿ, ಅವಳ ಕೈಗಿಟ್ಟ. ಹೋಲ್ಡ್, ಹ್ಯಾಚ್, ಸ್ಲಿಂಗ್, ಡನೇಜ್. ಅವಳ ಅಕ್ಷರದ ಕೆಳಗೆ ಅವನು ತಿದ್ದಿದ ಸೊಟ್ಟ ಅಕ್ಷರಗಳು. ಎಲ್ಲಕ್ಕಿಂತ ಕೆಳಗೆ, ಅವಳು ಬರೆದುಕೊಡದೆಯೇ ಅವನು ಬರೆದ ಒಂದೇ ಪದ. ಅವನ ಹೆಸರು.

ಅವನು ಹೆಲ್ಮೆಟ್ ಹಾಕಿಕೊಂಡು ಹೊರಟ.

“ನಿಲ್ಲು.”

ನಿಲ್ಲಲಿಲ್ಲ.

ಅವಳು ಓಡಿ ಅವನ ಮುಂದೆ ಹೋಗಿ ನಿಂತಳು. ಎರಡೂ ತೋಳು ಅಗಲಕ್ಕೆ ಚಾಚಿದಳು, ಅವನು ಕಲಿಸಿದ ಹಾಗೆಯೇ.

ಮೇಲೆ ಕ್ರೇನ್ ನಿಂತಿತು. ಲಾರಿಯೊಂದು ಬ್ರೇಕ್ ಹಾಕಿತು. ಮಿಕ್ಕವರೂ ನಿಂತಲ್ಲೇ ನಿಂತರು. ಅದು ಧಕ್ಕೆಯ ನಿಯಮ.

ಅವನು ಆ ತೋಳುಗಳನ್ನು ನೋಡಿದ. ಮೊದಲು ಎಡಗೈ, ಆಮೇಲೆ ಬಲಗೈ. ಸನ್ನೆ ಸರಿಯಾಗಿದೆಯೇ ಎಂದು ನೋಡುವವನ ಹಾಗೆ. ನಂತರ ಅವಳ ಎಡಗೈಯ ಕೆಳಗೆ ತಲೆ ಬಗ್ಗಿಸಿ ದಾಟಿ, ಗೇಟಿನ ಕಡೆಗೆ ನಡೆದುಹೋದ.